ಬಾಗಿಲು ಹಾಕಿಕೊಂಡು ದಿನಕ್ಕೆ ಎರಡು ಪುಟ

ದಿನಾ ಬರೆಯಬೇಕೆಂದು ಅವಳು ಗಟ್ಟಿ ಮನಸ್ಸು ಮಾಡಿದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವಳು ಬರೆದದ್ದೆಲ್ಲ ಬೇರೆಯವರ ಪುಟದ ಅಂಚಿನಲ್ಲಿ. ಶಾಲೆಯ ಪುಸ್ತಕ, ಪರೀಕ್ಷೆಯ ಗೈಡು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ, ಇಪ್ಪತ್ತೆಂಟು ವರ್ಷದಿಂದ. ಮಗ್ಗಿ ಪುಸ್ತಕದಲ್ಲಿ ಏಳೆಂಟಲ ಐವತ್ತನಾಲ್ಕು ಎಂದು ಅಚ್ಚಾಗಲು ಹೊರಟದ್ದನ್ನು ಹಿಡಿದು ನಿಲ್ಲಿಸಿದವಳು ಅವಳೇ. ಯಾರೂ ಶಹಬ್ಬಾಸ್ ಅನ್ನಲಿಲ್ಲ. ತಪ್ಪು ಉಳಿದರೆ ಬೈಗುಳ, ಉಳಿಯದಿದ್ದರೆ ಯಾರಿಗೂ ನೆನಪಿಲ್ಲ, ಅದು ಆ ಕೆಲಸದ ರೀತಿ.

ಅವಳು ಬರೆಯಬೇಕೆಂದುಕೊಂಡದ್ದು ಒಂದೇ ವಿಷಯ, ಅಪ್ಪನ ಒಂದು ಫೋನು. ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಊರೂರು ಸುತ್ತುವವನು. ಅವಳಿಗೆ ನಾಲ್ಕು ವರ್ಷವಿದ್ದಾಗ ಒಂದು ಬೆಳಗಿನ ಜಾವ ಎಲ್ಲಿಂದಲೋ ಟ್ರಂಕ್ ಕಾಲ್ ಮಾಡಿದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆ ಹೊತ್ತಿಗೆ ಲೈನು ಜೋಡಿಸುವ ಬೋರ್ಡಿನ ಮುಂದೆ ಕೂತಿದ್ದವಳು ಅಮ್ಮ, ಅವಳು ಅಲ್ಲಿ ಆಪರೇಟರ್. ಡ್ಯೂಟಿ ಮುಗಿಸಿ ಮನೆಗೆ ಬಂದ ಅಮ್ಮ ಹಗ್ಗದ ಮೇಲೆ ಒಣಗುತ್ತಿದ್ದ ಅವನ ಎರಡು ಅಂಗಿ ತೆಗೆದು, ಮಡಿಸಿ, ಅವನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳಂತೆ. ಅವನು ಆಮೇಲೆ ಬರಲೇ ಇಲ್ಲ. ಇಷ್ಟು ಚಿಕ್ಕಮ್ಮನ ಬಾಯಿಂದ ಬಂದದ್ದು, ಆ ಚಿಕ್ಕಮ್ಮನೂ ಈಗಿಲ್ಲ. ಅವನು ಅಮ್ಮನ ಜೊತೆ ಮಾತಾಡಲು ಫೋನು ಮಾಡಿದ್ದನೋ, ಬೇರೆ ಯಾರ ನಂಬರನ್ನೋ ಕೇಳಿ ಅಮ್ಮನ ಕೈಯಿಂದಲೇ ಜೋಡಿಸಿಕೊಂಡನೋ, ಅದು ಚಿಕ್ಕಮ್ಮನಿಗೂ ಗೊತ್ತಿರಲಿಲ್ಲ.

ಏಳನೆಯ ವಯಸ್ಸಿನಲ್ಲಿ ಕೇಳಿದಳು, ಹನ್ನೆರಡರಲ್ಲಿ ಕೇಳಿದಳು, ಇಪ್ಪತ್ತರಲ್ಲಿ ಅತ್ತು ಕೇಳಿದಳು, ಮೂವತ್ತರಲ್ಲಿ ಜಗಳವಾಡಿ ಕೇಳಿದಳು. ಅಮ್ಮನದು ಒಂದೇ ಉತ್ತರ. "ಬೋರ್ಡಿನ ಮೇಲೆ ಕೇಳಿದ್ದು ಬೋರ್ಡಿನ ಮೇಲೇ ಇರಬೇಕು." ಕೆಲಸಕ್ಕೆ ಸೇರುವಾಗ ಹಾಗೆಂದು ಆಣೆ ಮಾಡಿಸಿಕೊಂಡಿದ್ದರು, ನಿಜ. ಆದರೆ ಆಣೆ ಮಾಡಿಸಿಕೊಂಡ ಸೂಪರ್‌ವೈಸರು ಸತ್ತು, ಎಕ್ಸ್‌ಚೇಂಜು ಮುಚ್ಚಿ, ಆ ಬೋರ್ಡನ್ನು ಗುಜರಿಗೆ ಹಾಕಿ ಎಷ್ಟೋ ವರ್ಷವಾದ ಮೇಲೂ ಅಮ್ಮ ಬಾಯಿ ಬಿಡಲಿಲ್ಲ. ಊರಿನ ಅರ್ಧ ಗುಟ್ಟು ಆ ಹೊಟ್ಟೆಯಲ್ಲಿತ್ತು, ಮಗಳ ಪಾಲಿನದೂ ಅದರ ಜೊತೆಗೇ ಇತ್ತು.

ಆದ್ದರಿಂದ ಮಗಳು ಹಟಕ್ಕೆ ಬಿದ್ದಳು. ಒಂದು ಸಂಜೆ ಹೊಸ ನೋಟ್‌ಬುಕ್ ತಂದು ಅಮ್ಮನ ಎದುರಿಗೇ ಮೇಜಿನ ಮೇಲಿಟ್ಟು ಅಂದಳು, "ನೀನು ಹೇಳಲಿಲ್ಲ. ಇನ್ನು ನಾನೇ ಬರ್ಕೊಳ್ತೀನಿ, ಅಪ್ಪ ಏನಂದ್ರು ಅಂತ."

ಅಮ್ಮ ಅಕ್ಕಿ ಆರಿಸುತ್ತಿದ್ದಳು. "ಬರಿ," ಅಂದಳು. ಕೈ ಮಾತ್ರ ಒಂದು ಗಳಿಗೆ ನಿಂತಿತ್ತು. ಮಗಳು ಗಮನಿಸಲಿಲ್ಲ, ಅಥವಾ ಗಮನಿಸಿ ಒಳಗೊಳಗೇ ಖುಷಿಪಟ್ಟಳು.

ಬರೆಯುತ್ತೇನೆ ಅನ್ನುವುದು ಸುಲಭ. ಮೊದಲು ಸಂಜೆ ಕೂತು ನೋಡಿದಳು. ಇಡೀ ದಿನ ಅಕ್ಷರ ನೋಡಿ ಕಣ್ಣು ಉರಿಯುತ್ತಿತ್ತು, ಎರಡು ಸಾಲಿಗೆ ತೂಕಡಿಕೆ. ಊಟದ ಬಿಡುವಿನಲ್ಲಿ ಪ್ರೆಸ್ಸಿನ ಬೈಂಡಿಂಗ್ ಕೋಣೆಯ ಮೂಲೆಯಲ್ಲಿ ಕೂತಳು. ಅಲ್ಲಿ ಕಾಗದ ಕತ್ತರಿಸುವ ಯಂತ್ರದ ಸದ್ದು, ಅದರ ಮೇಲೆ ಬೈಂಡರ್ ಅಕ್ಕನ ಮಾತು. ಬೈಂಡರ್ ಅಕ್ಕ ಪ್ರೆಸ್ಸಿನ ಪುಸ್ತಕಗಳಿಗೆಲ್ಲ ಹೊಲಿಗೆ ಹಾಕುವವಳು, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಮಾತಾಡಬಲ್ಲವಳು. "ಏನೇ ಅದು, ಹಾಲಿನ ಲೆಕ್ಕಾನಾ?" ಎಂದು ಇಣುಕಿದಳು. ಅಲ್ಲಿಗೆ ಅದೂ ಮುಗಿಯಿತು. ಬೆಳಿಗ್ಗೆ ಎದ್ದು ಕೂತರೆ ಇನ್ನೊಂದು ಕಾಟ, ಒಂದು ವಾಕ್ಯ ಬರೆಯುವಷ್ಟರಲ್ಲಿ ಕೈ ತಾನಾಗಿಯೇ ಕೆಂಪು ಪೆನ್ನಿಗೆ ಹೋಗುತ್ತಿತ್ತು. ಹತ್ತು ದಿನದಲ್ಲಿ ಉಳಿದದ್ದು ಒಂದೇ ಸಾಲು, "ಫೋನು ಬಂದಾಗ ಇನ್ನೂ ಬೆಳಕಾಗಿರಲಿಲ್ಲ." ಅದರಲ್ಲೂ "ಇನ್ನೂ" ಬೇಕೋ ಬೇಡವೋ ಎಂದು ಎರಡು ದಿನ ಕಳೆದಿದ್ದಳು.

ಆಗ ಬುದ್ಧಿ ಹೇಳಿದವರು ಗೈಡು ಮಾಸ್ತರು. ಅವರು ಒಂದು ಕಾಲದಲ್ಲಿ ಶಾಲೆಯಲ್ಲಿದ್ದು, ಈಗ ಎಲ್ಲ ವಿಷಯಕ್ಕೂ ಪ್ರಶ್ನೋತ್ತರದ ಗೈಡು ಬರೆಯುವವರು. ನಲವತ್ತೆರಡು ಪುಸ್ತಕ ಅವರ ಹೆಸರಲ್ಲಿತ್ತು. ನಲವತ್ತೆರಡರಲ್ಲೂ ಮುನ್ನುಡಿ ಒಂದೇ, ಅದು ಕರಡು ತಿದ್ದುವವಳಿಗೆ ಮಾತ್ರ ಗೊತ್ತಿದ್ದ ಗುಟ್ಟು. ಅವಳು ಬರೆಯಲು ಒದ್ದಾಡುತ್ತಿದ್ದಾಳೆಂದು ಬೈಂಡರ್ ಅಕ್ಕನಿಂದ ತಿಳಿದು, ಕುರ್ಚಿ ಎಳೆದುಕೊಂಡು ಕೂತರು.

"ನೋಡಮ್ಮ, ಬರವಣಿಗೆಗೆ ಸ್ಫೂರ್ತಿ ಗೀರ್ತಿ ಏನೂ ಬೇಡ, ಶಿಸ್ತು ಬೇಕು. ದಿನಾ ಅದೇ ಹೊತ್ತು, ಅದೇ ಜಾಗ, ಎರಡು ಪುಟ. ಮುಗಿಯೋ ತನಕ ಏಳಬಾರದು, ತಿದ್ದಬಾರದು. ಎಲ್ಲಕ್ಕಿಂತ ಮುಖ್ಯ, ಬಾಗಿಲು ಹಾಕ್ಕೋಬೇಕು. ಬರೆಯೋಕೆ ಮುಂಚೆ ಯಾರ ಹತ್ರಾನೂ ಒಂದು ಮಾತೂ ಆಡಬಾರದು. ಮಾತಾಡಿದ್ರೋ, ಒಳಗಿರೋದೆಲ್ಲ ಬಾಯಲ್ಲೇ ಖರ್ಚಾಗಿ ಹೋಗುತ್ತೆ."

"ಮನೇಲಿ ಅಮ್ಮ ಒಬ್ಬಳೇ ಇರೋದು, ಸರ್."

"ಅಮ್ಮನೇ ಇರಲಿ, ಯಾರೇ ಇರಲಿ. ಬಾಗಿಲು ಅಂದ್ರೆ ಬಾಗಿಲು."

ಈ ಮಾತು ಅವಳಿಗೆ ನಾಟಿತು. ಜೀವಮಾನವೆಲ್ಲ ನಿಯಮ ನೋಡಿ ಕೆಲಸ ಮಾಡಿದವಳಿಗೆ ನಿಯಮ ಕೊಟ್ಟರೆ ಹಸಿದವರಿಗೆ ಅನ್ನ ಕೊಟ್ಟ ಹಾಗೆ. ಮರುದಿನವೇ ಶುರು. ಬೆಳಿಗ್ಗೆ ಐದರಿಂದ ಆರೂವರೆ, ತನ್ನ ಕೋಣೆ, ಕಿಟಕಿಯ ಕಡೆ ಬೆನ್ನು, ನೀಲಿ ಪೆನ್ನು ಮಾತ್ರ. ಕೆಂಪು ಪೆನ್ನನ್ನು ಪ್ರೆಸ್ಸಿನಲ್ಲೇ ಬಿಟ್ಟು ಬಂದಳು. ಪುಟದ ಮೇಲೆ ದಿನದ ಸಂಖ್ಯೆ, ಒಂದು, ಎರಡು, ಮೂರು. ಬಾಗಿಲಿಗೆ ಒಳಗಿಂದ ಚಿಲಕ.

ಆಶ್ಚರ್ಯವೆಂದರೆ ಬರವಣಿಗೆ ಬಂತು. ಮೂರನೆಯ ದಿನ ಒಂದೂವರೆ ಪುಟ, ಐದನೆಯ ದಿನ ಎರಡು. ವಾರ ಕಳೆಯುವಷ್ಟರಲ್ಲಿ ಗಡಿಯಾರಕ್ಕೆ ಮುಂಚೆಯೇ ಎಚ್ಚರ. ಐವತ್ತೊಂದು ವರ್ಷದಲ್ಲಿ ತನ್ನದೆನ್ನುವ ಒಂದೂವರೆ ಗಂಟೆ ಸಿಕ್ಕಿದ್ದು ಅದೇ ಮೊದಲು. ಅದರ ಸುಖ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಅವಳನ್ನು ಬೈಯುವ ಮೊದಲು ಅದನ್ನೂ ಹೇಳಿಬಿಡುವುದು ನ್ಯಾಯ.

ಹನ್ನೆರಡನೆಯ ದಿನ, ಐದು ಗಂಟೆ ಹತ್ತು ನಿಮಿಷಕ್ಕೆ, ಬಾಗಿಲ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಟಕ್ ಟಕ್.

"ಪುಟ್ಟೀ, ನಲ್ಲೀಲಿ ನೀರು ಬಂತಾ?"

ಐವತ್ತೊಂದು ವರ್ಷದ ಪುಟ್ಟಿ ಹಲ್ಲು ಕಚ್ಚಿದಳು. "ಅಮ್ಮಾ, ಬರೀತಾ ಇದೀನಿ."

"ಹೂಂ," ಅಂದು ಚಪ್ಪಲಿಯ ಸದ್ದು ಅಡುಗೆಮನೆ ಕಡೆ ಹೋಯಿತು. ಐದು ನಲವತ್ತಕ್ಕೆ ಮತ್ತೆ ಟಕ್ ಟಕ್. "ಪುಟ್ಟೀ, ಚಳಿ ಇದೆಯಾ ಒಳಗೆ?" ಅದಕ್ಕೂ ಅದೇ ಉತ್ತರ. ಆರು ಹತ್ತಕ್ಕೆ ಮತ್ತೊಮ್ಮೆ. ಆಮೇಲೆ ಇಲ್ಲ. ಮರುದಿನ ಅದೇ ಐದು ಹತ್ತು, ಐದು ನಲವತ್ತು, ಆರು ಹತ್ತು. ಅದರ ಮರುದಿನವೂ.

ಇಲ್ಲಿ ಅಮ್ಮನ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಮೂವತ್ತೈದು ವರ್ಷ ತಲೆಗೆ ಹೆಡ್‌ಫೋನು ಏರಿಸಿ ಕೂತವಳು. ಅದರ ಪಟ್ಟಿ ಕೂತ ಕಡೆ ಕೂದಲು ತೆಳ್ಳಗಾಗಿ, ಬೈತಲೆಗೆ ಅಡ್ಡಲಾಗಿ ಇನ್ನೊಂದು ಬೈತಲೆ ತೆಗೆದ ಹಾಗೆ ಕಾಣುತ್ತಿತ್ತು. ಟ್ರಂಕ್ ಕಾಲ್ ಅಂದರೆ ಮೊದಲು ಒಂದು ಚೀಟಿ ಬರೆಯಬೇಕು, ಕರೆದವರು ಯಾರು, ಬೇಕಾದವರು ಯಾರು, ಎಷ್ಟು ಹೊತ್ತಿಗೆ. ಆ ಕಡೆಯ ಲೈನ್ ಎಂಗೇಜ್ ಇದ್ದರೆ ನಡುವೆ ಬಾಯಿ ಹಾಕುವ ಹಾಗಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ, ಇನ್ನರ್ಧ ಗಂಟೆ ಬಿಟ್ಟು ಮತ್ತೆ. ಮೂರು ಸಲವೂ ಸಿಗದಿದ್ದರೆ ಮರುದಿನಕ್ಕೆ. ಲೈನ್ ಸಿಕ್ಕರೂ ಸೀದಾ ವಿಷಯಕ್ಕೆ ಬರುವುದಿಲ್ಲ, ಮೊದಲು ಏನಾದರೊಂದು ಕೇಳಿ ಆ ಕಡೆ ಮಾತು ಸರಿಯಾಗಿ ಕೇಳಿಸುತ್ತಿದೆಯಾ ಎಂದು ನೋಡಬೇಕು. ಮಾತು ಶುರುವಾದ ಮೇಲೆ ಮೂರು ನಿಮಿಷಕ್ಕೊಮ್ಮೆ ಒಳಗೆ ಬಂದು, "ಮೂರು ನಿಮಿಷ ಆಯ್ತು. ಮುಂದುವರಿಸ್ತೀರಾ?" ಎಂದು ಕೇಳಬೇಕು. ಹೂಂ ಅಂದರೆ ಬಿಡಬೇಕು. ಉತ್ತರ ಬರದಿದ್ದರೆ ಬೋರ್ಡಿನಿಂದ ವೈರು ಕಿತ್ತು ಲೈನು ಮುಗಿಸಬೇಕು. ಇದೆಲ್ಲ ಮಗಳಿಗೆ ಬಾಯಿಪಾಠ. ಚಿಕ್ಕವಳಿದ್ದಾಗ ಎರಡು ಬೆಂಕಿಪೆಟ್ಟಿಗೆ ಹಿಡಿದು ಅಮ್ಮನ ಜೊತೆ ಇದೇ ಆಟ ಆಡಿದವಳು. ಊರಿನವರ ತಪ್ಪನ್ನೆಲ್ಲ ಹಿಡಿಯುವ ಆ ಕಣ್ಣಿಗೆ, ಬಾಗಿಲ ಮೇಲೆ ದಿನಾ ಅರ್ಧರ್ಧ ಗಂಟೆಗೆ ಬೀಳುತ್ತಿದ್ದ ಟಕ್ ಟಕ್‌ನಲ್ಲಿ ಇದು ಕಾಣಲಿಲ್ಲ. ನಲ್ಲಿಯ ನೀರು ಕಂಡಿತು, ಚಳಿ ಕಂಡಿತು, ಮುದುಕಿಯ ಪಿರಿಪಿರಿ ಕಂಡಿತು.

ಒಮ್ಮೆ ಸಂಜೆ, ಮನಸ್ಸು ತಣ್ಣಗಿದ್ದಾಗ, ಕೇಳಿದಳು. "ದಿನಾ ಬೆಳಿಗ್ಗೆ ಬಾಗಿಲು ತಟ್ತೀಯಲ್ಲಮ್ಮ, ಏನು ಬೇಕಾಗಿತ್ತು?"

ಅಮ್ಮ ಪ್ರೆಸ್ಸಿನ ಹಳೆ ಕರಡುಗಳನ್ನು ಕತ್ತರಿಯಲ್ಲಿ ನಾಲ್ಕು ಭಾಗ ಮಾಡುತ್ತಿದ್ದಳು. ಒಂದು ಬದಿ ಖಾಲಿ ಇರುವ ಆ ಕಾಗದಗಳನ್ನು ಮಗಳೇ ಮನೆಗೆ ತಂದು ಹಾಕುತ್ತಿದ್ದಳು. "ಏನಿಲ್ಲ ಬಿಡು. ಈಗೇನೂ ಇಲ್ಲ."

"ಈಗ ಹೇಳು, ಕೇಳ್ತೀನಿ."

"ಈಗ ಬರಲ್ಲ ಅದು," ಅಂದಳು ಅಮ್ಮ. "ಬೆಳಗಿನ ಹೊತ್ತಿನ ಮಾತು."

ನಲವತ್ತೇಳು ವರ್ಷ ಬಾಯಿ ಕಟ್ಟಿಕೊಂಡವಳಿಗೆ ಧೈರ್ಯ ಇಡೀ ದಿನ ಇರುವುದಿಲ್ಲ. ಆ ಫೋನು ಬಂದ ಹೊತ್ತಿನಲ್ಲೇ ಅದು ಬರುತ್ತಿತ್ತು, ಬೆಳಕಾಗುವಷ್ಟರಲ್ಲಿ ಹೋಗುತ್ತಿತ್ತು. ಮಗಳು ಇನ್ನೊಂದು ಮಾತು ಕೇಳಿದ್ದರೆ ಹೇಗಿರುತ್ತಿತ್ತೋ. ಅವಳು ಕೇಳಲಿಲ್ಲ. "ಹಾಗಾದ್ರೆ ಆರೂವರೆ ಮೇಲೆ ಹೇಳು, ಅದೂ ಬೆಳಗಿನ ಹೊತ್ತೇ," ಅಂದು ಎದ್ದು ಹೋದಳು. ಆದರೆ ಆರೂವರೆಗೆ ಸ್ನಾನ, ತಿಂಡಿ, ಏಳೂಕಾಲಿನ ಬಸ್ಸು. ಎಂಗೇಜ್ ಅಂದರೆ ಇನ್ನು ಹೇಗಿರುತ್ತದೆ.

ನೋಟ್‌ಬುಕ್ಕು ಒಂದು ಮುಗಿದು ಎರಡಾಯಿತು, ಎರಡು ಮುಗಿದು ಮೂರಾಯಿತು. ಗೈಡು ಮಾಸ್ತರು ಪ್ರೆಸ್ಸಿಗೆ ಬಂದಾಗಲೆಲ್ಲ "ಎಷ್ಟನೇ ದಿನ?" ಎಂದು ಕೇಳುತ್ತಿದ್ದರು. "ತೊಂಬತ್ತೆಂಟು, ಸರ್," "ನೂರ ಇಪ್ಪತ್ತು, ಸರ್." ಅವರು ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು. ಒಂದು ದಿನವೂ ತಪ್ಪಿಸಿರಲಿಲ್ಲ ಅವಳು. ಜ್ವರವಿದ್ದ ದಿನವೂ ಎರಡು ಪುಟ. ಬೈಂಡರ್ ಅಕ್ಕ ಮಾತ್ರ ಒಮ್ಮೆ ದಾರ ಕಚ್ಚಿಕೊಂಡೇ ಕೇಳಿದಳು, "ಅಲ್ಲ ಕಣೇ, ಆ ಫೋನಿನ ವಿಷಯ ಗೊತ್ತಿರೋ ಮನುಷ್ಯೆ ಪಕ್ಕದ ಕೋಣೇಲಿ ಇರುವಾಗ, ನೀನು ಚಿಲಕ ಹಾಕ್ಕೊಂಡು ಯಾರನ್ನ ಕೇಳಿ ಬರೀತೀಯ?"

"ಅವಳು ಹೇಳಲ್ಲ ಅಕ್ಕ. ನಂಗೊತ್ತು."

"ಹೇಳಲ್ಲ ಅಂತ ನೀನೇ ಬರ್ಕೊಂಡಿದೀಯ," ಅಂದಳು ಬೈಂಡರ್ ಅಕ್ಕ, ಮತ್ತೆ ಸೂಜಿ ಪೋಣಿಸಿದಳು.

ನೂರ ನಲವತ್ತಮೂರನೆಯ ದಿನ ಬರವಣಿಗೆ ಆ ಫೋನಿನ ಹತ್ತಿರ ಬಂದು ನಿಂತಿತು. ಅಪ್ಪ ಯಾವುದೋ ಊರಿನ ಅಂಚೆ ಕಚೇರಿಯ ಬೂತಿನಲ್ಲಿದ್ದಾನೆ. ರಿಸೀವರು ಹಿಡಿದ ಕೈಯಲ್ಲಿ ಯಂತ್ರದ ಎಣ್ಣೆಯ ಕಲೆ. "ಪುಟ್ಟಿ ಎದ್ದಿದಾಳಾ?" ಎಂದು ಕೇಳುತ್ತಿದ್ದಾನೆ. ಬರೆಯುತ್ತಿದ್ದವಳ ಕಣ್ಣು ತುಂಬಿತ್ತು. ಆ ಸಾಲಿಗಾಗಿ ಅವಳು ನಲವತ್ತೇಳು ವರ್ಷ ಕಾದಿದ್ದಳು, ಬೇರೆ ಯಾರೂ ಕೊಡದಿದ್ದಕ್ಕೆ ತಾನೇ ತನಗೆ ಕೊಟ್ಟುಕೊಳ್ಳುತ್ತಿದ್ದಳು. ಐದು ಹತ್ತಕ್ಕೆ, ಐದು ನಲವತ್ತಕ್ಕೆ ಅಮ್ಮ ಬಾಗಿಲು ತಟ್ಟಿ ಹೋಗಿದ್ದಳು. ಆರು ಹತ್ತಕ್ಕೆ ಮತ್ತೆ ಟಕ್ ಟಕ್. ಈ ಸಲ ನೀರಿಲ್ಲ, ಚಳಿಯಿಲ್ಲ.

"ಪುಟ್ಟೀ, ಒಂದು ಮಾತಿತ್ತು. ಮೂರು ನಿಮಿಷ ಸಾಕು."

ಕೈಯಲ್ಲಿದ್ದ ವಾಕ್ಯ ಹೋಯಿತು. ಅಪ್ಪನೂ ಅವನ ಬೂತೂ ಎಣ್ಣೆಯ ಕಲೆಯೂ ಹೊಗೆಯ ಹಾಗೆ ಹೋದವು. ಅವಳು ಎದ್ದು ಬಾಗಿಲು ತೆಗೆದಿದ್ದರೂ ಆಗುತ್ತಿತ್ತು, ಬೈಯುವುದಕ್ಕಾದರೂ ಸರಿ. ಕೂತಲ್ಲಿಂದಲೇ ಅಂದಳು, "ನಿನ್ನ ಮೂರು ನಿಮಿಷದಿಂದ ನನ್ನ ಇಡೀ ದಿನ ಹಾಳಾಗುತ್ತೆ. ಅಮ್ಮಾ, ಸಾಯೋ ಅಂಥದ್ದೇನಾದ್ರೂ ಇದ್ರೆ ಮಾತ್ರ ಬಾಗಿಲು ತಟ್ಟು. ಇಲ್ದಿದ್ರೆ ತಟ್ಟಬೇಡ."

ಆ ಕಡೆಯಿಂದ "ಹೂಂ." ಚಪ್ಪಲಿಯ ಸದ್ದು.

ಮರುದಿನ ಐದು ಹತ್ತಕ್ಕೆ ಅವಳ ಪೆನ್ನು ತಾನಾಗಿಯೇ ನಿಂತಿತು. ಬಾಗಿಲು ಸುಮ್ಮನಿತ್ತು. ಐದು ನಲವತ್ತಕ್ಕೂ ಸುಮ್ಮನೆ. ಅಂತೂ ಅರ್ಥ ಮಾಡಿಕೊಂಡಳಲ್ಲ ಎಂದು ಅವಳು ನಿರಾಳವಾದಳು. ಆ ಹದಿನೆಂಟು ದಿನ ಬರೆದ ಹಾಗೆ ಅವಳು ಯಾವತ್ತೂ ಬರೆದಿರಲಿಲ್ಲ. ಒಂದೊಂದು ದಿನ ಎರಡೂವರೆ ಪುಟ. ಅಮ್ಮ ಎಂದಿನಂತೆ ಟೀ ಮಾಡಿಟ್ಟು, ಎಂದಿನಂತೆ ಬಟ್ಟೆ ಮಡಿಸಿ, ಎಂದಿಗಿಂತ ಸ್ವಲ್ಪ ಕಡಿಮೆ ಮಾತಾಡುತ್ತಿದ್ದಳು. ಅದೂ ಒಳ್ಳೆಯದೇ ಅನಿಸಿತ್ತು ಮಗಳಿಗೆ.

ನೂರ ಅರವತ್ತೆರಡನೆಯ ದಿನ, ಆರು ಗಂಟೆ ಹತ್ತು ನಿಮಿಷಕ್ಕೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಇನ್ನೊಂದು ಸದ್ದು, ಪಾತ್ರೆಯದಲ್ಲ, ಮೆತ್ತಗಿನದು. ಅವಳು ತಲೆಯೆತ್ತಿದಳು. ಎರಡನೆಯ ಪುಟದಲ್ಲಿ ಇನ್ನು ಹನ್ನೊಂದು ಸಾಲು ಬಾಕಿ ಇತ್ತು. ಪಾತ್ರೆ ಬಿದ್ದಿರಬೇಕು ಎಂದುಕೊಂಡಳು. ಬಾಗಿಲಂತೂ ತಟ್ಟಲಿಲ್ಲವಲ್ಲ. ಹನ್ನೊಂದು ಸಾಲು ಬರೆದು ಮುಗಿಸಿ, ಪೆನ್ನಿಗೆ ಮುಚ್ಚಳ ಹಾಕಿ, ಆರೂವರೆಗೆ ಚಿಲಕ ತೆಗೆದಳು.

ಅಮ್ಮ ಒಲೆಯ ಮುಂದೆ ಮಗ್ಗುಲಾಗಿ ಬಿದ್ದಿದ್ದಳು. ಕಣ್ಣು ತೆರೆದಿತ್ತು, ಬಾಯಿ ಒಂದು ಕಡೆಗೆ ಜಾರಿತ್ತು. ಟೀ ನೆಲದ ಮೇಲೆ ಹರಿದು ತಣ್ಣಗಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, "ಎಷ್ಟು ಹೊತ್ತಿಗೆ ಬಿದ್ರು? ಸರಿಯಾದ ಟೈಮ್ ಹೇಳಿ, ಅದು ಮುಖ್ಯ."

"ಆರೂವರೆ," ಅಂದಳು ಅವಳು. ಡಾಕ್ಟರು ಹಾಗೆಯೇ ಬರೆದುಕೊಂಡರು. ಕಣ್ಣೆದುರಿಗೇ ತಪ್ಪು ಬಿತ್ತು, ಅವಳು ತಿದ್ದಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಬೇಕೆಂದೇ ಬಿಟ್ಟ ತಪ್ಪು ಅದೊಂದೇ. ಆ ಇಪ್ಪತ್ತು ನಿಮಿಷದಿಂದ ಏನಾದರೂ ವ್ಯತ್ಯಾಸ ಆಗುತ್ತಿತ್ತಾ ಎಂದು ಕೇಳುವ ಧೈರ್ಯ ಅವಳಿಗೆ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಅಮ್ಮ ಬದುಕಿದಳು. ಮೂರು ವಾರದ ಮೇಲೆ ಮನೆಗೂ ಬಂದಳು. ಬಲಗೈ, ಬಲಗಾಲು ಸೋತಿದ್ದವು. ಮಾತು ಹೋಗಿತ್ತು, ಆದರೆ ಪೂರ್ತಿ ಹೋಗಿರಲಿಲ್ಲ. ಪೂರ್ತಿ ಹೋಗಿದ್ದರೆ ಒಳ್ಳೆಯದಿತ್ತೇನೋ. ಮನೆಗೆ ಬಂದ ಮೊದಲ ದಿನ ನೀರು ಕುಡಿಸಲು ಹೋದಾಗ ಅಮ್ಮ ಅವಳ ಮುಖ ನೋಡಿ, ಒಂದು ಅಕ್ಷರವೂ ತೊದಲದೆ, ಡ್ಯೂಟಿಯ ದನಿಯಲ್ಲಿ ಕೇಳಿದಳು, "ಮೂರು ನಿಮಿಷ ಆಯ್ತು. ಮುಂದುವರಿಸ್ತೀರಾ?"

ನೀರು ಬೇಕಾದರೂ ಅದೇ, ಕಾಲು ನೋವಾದರೂ ಅದೇ, ಅಳು ಬಂದಾಗಲೂ ಅದೇ. ಬೇರೆ ಒಂದು ಶಬ್ದವಿಲ್ಲ. ಮಾತು ಕಲಿಸಲು ಬರುತ್ತಿದ್ದ ಹುಡುಗಿ ವಿವರಿಸಿದಳು, "ಲಕ್ಷಾಂತರ ಸಲ ಹೇಳಿದ ಮಾತು ಇರುತ್ತಲ್ಲ ಮೇಡಂ, ಅದು ತಲೆಯಲ್ಲಿ ಬೇರೆ ಜಾಗದಲ್ಲಿ ಉಳಿದುಬಿಟ್ಟಿರುತ್ತೆ. ಕೆಲವರಿಗೆ ಬೈಗುಳ ಉಳಿಯುತ್ತೆ, ಕೆಲವರಿಗೆ ಎಣಿಸೋದು. ಇವರಿಗೆ ಇದು. ಹೇಳ್ತಾ ಇರೋದು ಅದೇ ಅರ್ಥದಲ್ಲಿ ಅಂದ್ಕೋಬೇಡಿ."

ಹೌದು, ಅಲ್ಲ ಎಂದು ತಲೆಯಾಡಿಸುವುದನ್ನೂ ನಂಬುವ ಹಾಗಿರಲಿಲ್ಲ. ಹೌದು ಅನ್ನುವ ಕಡೆ ಅಲ್ಲ, ಅಲ್ಲ ಅನ್ನುವ ಕಡೆ ಹೌದು. ಬರೆಯುವ ಕೈಯಂತೂ ಬಿದ್ದೇ ಹೋಗಿತ್ತು.

ಒಂದು ಮಧ್ಯಾಹ್ನ ಅಮ್ಮನ ಹಳೆಯ ಕನ್ನಡಕ ಹುಡುಕುತ್ತ ಅವಳು ಮಂಚದ ಕೆಳಗಿನ ಬಿಸ್ಕತ್ತಿನ ಡಬ್ಬಿ ತೆಗೆದಳು. ಒಳಗೆ ಕನ್ನಡಕವಿರಲಿಲ್ಲ. ಚೀಟಿಗಳಿದ್ದವು, ತಿಂಗಳಿಗೊಂದರಂತೆ ದಾರ ಕಟ್ಟಿದ ಕಟ್ಟುಗಳು. ಒಂದು ಬದಿಯಲ್ಲಿ ಅವಳೇ ಕೆಂಪು ಶಾಯಿಯಲ್ಲಿ ತಿದ್ದಿದ ಪ್ರೆಸ್ಸಿನ ಕರಡು, ಇನ್ನೊಂದು ಬದಿಯಲ್ಲಿ ಸ್ಕೇಲಿಟ್ಟು ಎಳೆದ ಗೆರೆಗಳು, ಎಕ್ಸ್‌ಚೇಂಜಿನ ಚೀಟಿಯಲ್ಲಿದ್ದ ಹಾಗೆಯೇ. ಮೊದಲನೆಯದನ್ನು ತೆಗೆದು ಓದಿದಳು.

ಕರೆದವರು: ಅಮ್ಮ. ಬೇಕಾದವರು: ಪುಟ್ಟಿ. ಹೊತ್ತು: 5-10 ಎಂಗೇಜ್. 5-40 ಎಂಗೇಜ್. 6-10 ಎಂಗೇಜ್. ಷರಾ: ಅವರ ಆ ಫೋನಿನ ವಿಚಾರ. ಇವಳ ಪುಸ್ತಕಕ್ಕೆ ಬೇಕು.

ಎರಡನೆಯ ಚೀಟಿ. 5-10 ಎಂಗೇಜ್. 5-40 ಎಂಗೇಜ್. 6-10 ಎಂಗೇಜ್. ಷರಾ: ಅದೇ.

ಮೂರನೆಯದು. ಷರಾ: ಅದೇ. ನಾಲ್ಕನೆಯದು. ಅದೇ.

ಅವಳು ನೆಲದ ಮೇಲೆ ಕೂತು ಎಲ್ಲವನ್ನೂ ಓದಿದಳು, ಕರಡು ಓದುವ ಹಾಗೆ, ಒಂದು ಸಾಲೂ ಬಿಡದೆ. ನೂರ ಮೂವತ್ತೆರಡು ಚೀಟಿ. ಒಂದು ದಿನವೂ ತಪ್ಪಿರಲಿಲ್ಲ. ಆ ಮನೆಯಲ್ಲಿ ಶಿಸ್ತಿನಿಂದ ದಿನಾ ಬರೆದವಳು ತಾನೊಬ್ಬಳೇ ಎಂದು ತಿಳಿದಿದ್ದಳು ಅವಳು. ಕೊನೆಯ ಚೀಟಿಯಲ್ಲಿ ಆರು ಹತ್ತರ ಎದುರಿಗೆ ಎಂಗೇಜ್ ಎಂದು ಇರಲಿಲ್ಲ. ಅಲ್ಲಿ ಅಮ್ಮನ ದುಂಡನೆಯ ಅಕ್ಷರದಲ್ಲಿ, ಇಲಾಖೆಯ ಭಾಷೆಯಲ್ಲಿ ಬರೆದಿತ್ತು: ಕರೆದವರ ಕೋರಿಕೆಯ ಮೇರೆಗೆ ಕ್ಯಾನ್ಸಲ್.

ಚೀಟಿಯ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕಟ್ಟು ಬಿಚ್ಚಿ, ಡಬ್ಬಿ ಬೋರಲು ಹಾಕಿ, ಮತ್ತೆ ಹುಡುಕಿದಳು. ಆ ಫೋನಿನಲ್ಲಿ ಅಪ್ಪ ಏನೆಂದ ಎನ್ನುವುದು ಎಲ್ಲೂ ಇರಲಿಲ್ಲ. ಇರುವುದಾದರೂ ಹೇಗೆ. ಯಾರು ಯಾರನ್ನು ಎಷ್ಟು ಹೊತ್ತಿಗೆ ಕರೆದರು ಎಂದು ಚೀಟಿಯಲ್ಲಿ ಬರೆಯಬೇಕು, ಏನು ಮಾತಾಡಿದರು ಎಂದು ಬರೆಯಬಾರದು. ಅಮ್ಮ ಆಣೆಯನ್ನು ಬಾಯಲ್ಲಿ ಮುರಿಯಲು ಸಿದ್ಧಳಿದ್ದಳು, ಕಾಗದದ ಮೇಲಲ್ಲ.

ಆಮೇಲೆ ಅವಳು ನೋಟ್‌ಬುಕ್ ತೆಗೆಯಲಿಲ್ಲ. ಪ್ರೆಸ್ಸಿನಲ್ಲಿ ಬೈಂಡರ್ ಅಕ್ಕನ ಹತ್ತಿರ ಹೋಗಿ, ಮಿಕ್ಕ ಕಾಗದದಲ್ಲಿ ಈ ಅಳತೆಗೆ ಖಾಲಿ ಚೀಟಿ ಕತ್ತರಿಸಿಕೊಡು ಎಂದು ಕೇಳಿದಳು. ಬೈಂಡರ್ ಅಕ್ಕ ಅಳತೆ ನೋಡಿದಳು, ಅವಳ ಮುಖ ನೋಡಿದಳು, ಏಕೆಂದು ಕೇಳಲಿಲ್ಲ. ಒಂದು ಕಟ್ಟು ಕತ್ತರಿಸಿ, ತುದಿಗೆ ಹೊಲಿಗೆ ಹಾಕಿ ಕೊಟ್ಟಳು. ಗೈಡು ಮಾಸ್ತರು ಹೊಸ ಗೈಡಿನ ಕರಡು ಹಿಡಿದು ಬಂದವರು ಎಂದಿನಂತೆ ವಿಚಾರಿಸಿದರು.

"ಏನಮ್ಮ, ಬರವಣಿಗೆ ನಡೀತಾ ಇದೆಯಾ? ಬಿಟ್ಟಿಲ್ಲ ತಾನೆ?"

"ಇಲ್ಲ ಸರ್. ದಿನಾ ಬರೀತೀನಿ."

"ಭೇಷ್. ಬಾಗಿಲು?"

"ತೆಗೆದಿರುತ್ತೆ, ಸರ್," ಅಂದಳು. ಅವರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, ತಲೆಯಾಡಿಸಿ ಹೋದರು. ಅವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಬಾಗಿಲು ಹಾಕಿಕೋ ಅಂದವರು ಅವರು, ಚಿಲಕ ಹಾಕಿದ ಕೈ ತನ್ನದು.

ಈಗಲೂ ಅವಳು ಐದು ಗಂಟೆಗೆ ಏಳುತ್ತಾಳೆ. ಅಮ್ಮನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಚೀಟಿಯ ಕಟ್ಟಿಟ್ಟುಕೊಂಡು ಕೂರುತ್ತಾಳೆ. ಐದು ಹತ್ತಕ್ಕೆ ಮಂಚದ ಕಟ್ಟಿಗೆಯ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾಳೆ.

"ಅಮ್ಮಾ, ಚಳಿ ಆಗ್ತಿದೆಯಾ?"

ಅಮ್ಮ ಕಣ್ಣು ತೆರೆಯುತ್ತಾಳೆ.

"ಅಪ್ಪ ಅವತ್ತು ಫೋನಲ್ಲಿ ಏನಂದ್ರು, ಅಮ್ಮಾ?"

ಅಮ್ಮನ ತುಟಿ ಅಲುಗಾಡುತ್ತದೆ. ಎಡಗೈ ನಿಧಾನವಾಗಿ ಮೇಲೆದ್ದು ಕಿವಿಯ ಹತ್ತಿರ ಹೋಗುತ್ತದೆ. "ಮೂರು ನಿಮಿಷ ಆಯ್ತು. ಮುಂದುವರಿಸ್ತೀರಾ?"

ಆ ಬೆಳಿಗ್ಗೆ, ಹೆಡ್‌ಫೋನು ಏರಿಸಿಕೊಂಡು, ತನ್ನ ಗಂಡನಿಗೇ ಅಮ್ಮ ಇದೇ ಮಾತು ಕೇಳಿರಬಹುದು. ಅವನು ಉತ್ತರ ಕೊಡದೆ ಇದ್ದಿರಬಹುದು. ಅಥವಾ ಅಮ್ಮ ಈಗ ನೀರು ಕೇಳುತ್ತಿರಬಹುದು. ಯಾವುದೆಂದು ಅವಳಿಗೆ ಗೊತ್ತಿಲ್ಲ, ಈ ಕತೆ ಹೇಳುವವರಿಗೂ ಗೊತ್ತಿಲ್ಲ.

"ಹೂಂ ಅಮ್ಮ, ಮುಂದುವರಿಸ್ತೀನಿ. ಹೇಳು," ಅನ್ನುತ್ತಾಳೆ ಅವಳು. ಅಮ್ಮ ಅವಳನ್ನೇ ನೋಡುತ್ತಾಳೆ, ಆ ಕಡೆಯವರ ದನಿ ಕೇಳಿಸದವರು ಕಾಯುವ ಹಾಗೆ. ಸ್ವಲ್ಪ ಹೊತ್ತು ಕಾದು, ಎಡಗೈಯನ್ನು ಗಾಳಿಯಲ್ಲಿ ಹಿಡಿ ಮಾಡಿ, ಅಲ್ಲಿಲ್ಲದ ವೈರೊಂದನ್ನು ಕಿತ್ತು ಕೆಳಗೆ ಬಿಡುತ್ತಾಳೆ. ಐದು ನಲವತ್ತಕ್ಕೆ ಮತ್ತೆ ತಟ್ಟುತ್ತಾಳೆ ಮಗಳು, ಆರು ಹತ್ತಕ್ಕೆ ಮತ್ತೊಮ್ಮೆ.

ಆರೂವರೆಗೆ ನೀಲಿ ಪೆನ್ನು ತೆಗೆದು ಚೀಟಿ ತುಂಬುತ್ತಾಳೆ. ಕರೆದವರು: ಪುಟ್ಟಿ. ಬೇಕಾದವರು: ಅಮ್ಮ. ಮೂರು ಹೊತ್ತು ಬರೆದು, ಅವುಗಳ ಎದುರಿಗೆ ಎಂಗೇಜ್ ಎಂದೂ ಬರೆಯಲಾರದೆ, ಸಿಕ್ಕರು ಎಂದೂ ಬರೆಯಲಾರದೆ, ಜಾಗ ಖಾಲಿ ಬಿಡುತ್ತಾಳೆ. ಷರಾ ಎಂಬಲ್ಲಿ ಮಾತ್ರ ಅವಳಿಗೆ ಅನುಮಾನವಿಲ್ಲ. ಅಲ್ಲಿ ಬರೆಯುತ್ತಾಳೆ: ಅದೇ.